ತಾಜಾ ಸೀರಂ, ಕುರಿಯ ರಕ್ತ, ಐದು ಟ್ಯೂಬು: ಕಾಂಪ್ಲಿಮೆಂಟ್ ಕೆಲಸವನ್ನು ಕಣ್ಣಾರೆ ನೋಡುವ ಬಗೆ

ಎರಡು ಗಾಜಿನ ಟ್ಯೂಬುಗಳಿಂದ ಶುರು ಮಾಡೋಣ. ಎರಡರಲ್ಲೂ ಆಂಟಿಬಾಡಿ ಹಚ್ಚಿದ ಕುರಿಯ ಕೆಂಪು ರಕ್ತಕಣಗಳಿವೆ. ಒಂದಕ್ಕೆ ಬೆಳಿಗ್ಗೆ ತೆಗೆದ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ, ಹಾಕಿದೆ. ಇನ್ನೊಂದಕ್ಕೂ ಅದೇ ಸೀರಂ, ಆದರೆ 56 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದ್ದು. ಎರಡನ್ನೂ 37 ಡಿಗ್ರಿ ವಾಟರ್ ಬಾತಿನಲ್ಲಿ ಅರ್ಧ ಗಂಟೆ ಇಟ್ಟು ಹೊರಗೆ ತೆಗೆಯಿರಿ. ಮೊದಲನೆಯದು ಸೋಸಿದ ದಾಳಿಂಬೆ ರಸದ ಹಾಗೆ ತಿಳಿಯಾಗಿರುತ್ತದೆ. ಅದರ ಹಿಂದೆ ದಿನಪತ್ರಿಕೆ ಹಿಡಿದರೆ ಅಕ್ಷರ ಓದಬಹುದು. ಎರಡನೆಯದು ಮೊದಲ ಮಳೆಯ ಕೆಮ್ಮಣ್ಣಿನ ನೀರು. ಅಕ್ಷರ ಹಾಗಿರಲಿ, ಹಿಂದೆ ಪೇಪರ್ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಕಾಂಪ್ಲಿಮೆಂಟ್ ಅಂದರೆ ರಕ್ತದಲ್ಲೇ ಇದ್ದು ರೋಗಾಣು ಕೊಲ್ಲಲು ನೆರವಾಗುವ ಪ್ರೋಟೀನುಗಳ ಗುಂಪು. ಅದೇನು ಅಂತ ಕೇಳುವ ಹುಡುಗರಿಗೆ ನಾನು ಮೊದಲು ಈ ಎರಡು ಟ್ಯೂಬು ಕೊಡುತ್ತೇನೆ. ಪುಸ್ತಕದ ಬಾಣದ ಗುರುತುಗಳೆಲ್ಲ ಆಮೇಲೆ. ಒಂದು ಮೆಡಿಕಲ್ ಕಾಲೇಜಿನ ಸೂಕ್ಷ್ಮಜೀವಿ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿ 27 ವರ್ಷ ಆಯಿತು ನನಗೆ. ಈ ಬರಹ ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ) ಮಕ್ಕಳಿಗೆ, ಹೊಸದಾಗಿ ಲ್ಯಾಬಿಗೆ ಸೇರಿದವರಿಗೆ, ಮತ್ತೆ ಕಾಂಪ್ಲಿಮೆಂಟಿನ ಸಿ3, ಸಿ4 ಎಂಬ ಪ್ರೋಟೀನುಗಳ ರಿಪೋರ್ಟ್ ಕೈಯಲ್ಲಿ ಹಿಡಿದು ತಲೆ ಕೆರೆದುಕೊಳ್ಳುವವರಿಗೆ. ಮನೆಯಲ್ಲಿ ಮಾಡಿ ನೋಡುವ ಪ್ರಯೋಗ ಇದಲ್ಲ. ಮನುಷ್ಯರ ರಕ್ತ ಮುಟ್ಟುವ ಕೆಲಸ, ಗ್ಲೌಸ್ ಬೇಕೇ ಬೇಕು.

ಹೆಪ್ಪು ಮತ್ತು ಬಿಸಿ ಹಾಲು

ನಮ್ಮ ಲ್ಯಾಬುಗಳಲ್ಲಿ ಸಿಫಿಲಿಸ್ ಪತ್ತೆಯ ವಿಡಿಆರ್‌ಎಲ್ ಪರೀಕ್ಷೆ ಮಾಡುವ ಮುಂಚೆ ಸೀರಮ್ಮನ್ನು 56 ಡಿಗ್ರಿಯಲ್ಲಿ 30 ನಿಮಿಷ ಇಡುತ್ತಿದ್ದೆವು. 'ಇನ್‌ಆಕ್ಟಿವೇಟ್ ಮಾಡಿದ್ದೀಯಾ?' ಅಂತ ಹಿರಿಯರು ಕೇಳುತ್ತಿದ್ದರು, ಮಾಡಿದ್ದೇನೆ ಅನ್ನುತ್ತಿದ್ದೆವು. ಏನನ್ನು ಇನ್‌ಆಕ್ಟಿವೇಟ್ ಮಾಡಿದೆ ಅಂತ ನಾನು ಎರಡು ವರ್ಷ ಕೇಳಿರಲೇ ಇಲ್ಲ. ಕೇಳಿದ ಮೇಲೆ ಗೊತ್ತಾಯಿತು, ನಾವು ದಿನಾ ಬೆಳಿಗ್ಗೆ ಕೊಲ್ಲುತ್ತಿದ್ದದ್ದು ಕಾಂಪ್ಲಿಮೆಂಟನ್ನು.

ಹಾಲಿಗೆ ಹೆಪ್ಪು ಹಾಕುವವರಿಗೆ ಇದು ಹೊಸದಲ್ಲ. ಉಗುರು ಬೆಚ್ಚಗಿನ ಹಾಲಿಗೆ ಅರ್ಧ ಚಮಚ ಹೆಪ್ಪು ಹಾಕಿದರೆ ಬೆಳಗಾಗುವಷ್ಟರಲ್ಲಿ ಪಾತ್ರೆ ಪೂರ್ತಿ ಮೊಸರು. ಕುದಿಯುವ ಹಾಲಿಗೆ ಹಾಕಿದರೆ ಬೆಳಿಗ್ಗೆಯೂ ಹಾಲು ಹಾಲೇ. ಆಂಟಿಬಾಡಿ 56 ಡಿಗ್ರಿಯನ್ನು ತಡೆದುಕೊಳ್ಳುತ್ತದೆ. ಕಾಂಪ್ಲಿಮೆಂಟ್ ತಡೆಯುವುದಿಲ್ಲ.

ಈ ವ್ಯತ್ಯಾಸ ಹಿಡಿದೇ ಕಾಂಪ್ಲಿಮೆಂಟ್ ಸಿಕ್ಕಿದ್ದು. ರಕ್ತದ ಸೀರಂ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಕಾಯಿಸಿದರೆ ಆ ಗುಣ ಹೋಗುತ್ತದೆ ಅಂತ ಜರ್ಮನಿಯ ಹಾನ್ಸ್ ಬುಕ್ನರ್ 1889ರಲ್ಲೇ ತೋರಿಸಿದ್ದರು. ಅದಕ್ಕೆ ಅಲೆಕ್ಸಿನ್ ಅಂತ ಹೆಸರಿಟ್ಟರು. 1895ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಜೂಲ್ಸ್ ಬೋರ್ಡೆ ಎಂಬ ಬೆಲ್ಜಿಯಂನ ಯುವಕ ಕಾಲರಾ ರೋಗಾಣು ಇಟ್ಟುಕೊಂಡು ಒಂದು ಸರಳ ಕೆಲಸ ಮಾಡಿದರು. ಕಾಲರಾಗೆ ಆಂಟಿಬಾಡಿ ಇದ್ದ ಸೀರಮ್ಮನ್ನು ಕಾಯಿಸಿದರು, ಕೊಲ್ಲುವ ಶಕ್ತಿ ಹೋಯಿತು. ಅದಕ್ಕೆ ಕಾಲರಾ ಕಂಡೇ ಇರದ ಪ್ರಾಣಿಯ ತಾಜಾ ಸೀರಂ ಸ್ವಲ್ಪ ಬೆರೆಸಿದರು, ಶಕ್ತಿ ವಾಪಸ್ ಬಂತು. ಅಂದರೆ ಕೊಲ್ಲುವುದಕ್ಕೆ ಎರಡು ಬೇಕು. ಒಂದು, ರೋಗ ಬಂದ ಮೇಲೆ ಹುಟ್ಟಿದ್ದು, ಬಿಸಿ ತಡೆಯುವಂಥದ್ದು. ಇನ್ನೊಂದು, ಎಲ್ಲರಲ್ಲೂ ಮೊದಲಿಂದ ಇರುವುದು, ಬಿಸಿ ತಡೆಯದ್ದು. ಎರಡನೆಯದಕ್ಕೆ ಕಾಂಪ್ಲಿಮೆಂಟ್ ಅನ್ನುವ ಹೆಸರು ಪಾಲ್ ಎರ್ಲಿಕ್ ಅವರದು. ಬೋರ್ಡೆಗೆ 1919ರ ನೊಬೆಲ್ ಬಂತು. 1898ರಲ್ಲಿ ಅವರು ರೋಗಾಣುವಿನ ಬದಲು ಕೆಂಪು ರಕ್ತಕಣ ಹಾಕಿದರೂ ಇದೇ ಆಟ ನಡೆಯುತ್ತದೆ ಅಂತ ತೋರಿಸಿದ್ದರಿಂದಲೇ ಇವತ್ತು ನಮ್ಮ ಕೈಯಲ್ಲಿ ಕುರಿಯ ರಕ್ತ ಇದೆ.

ರಕ್ತ ತೆಗೆಯುವಾಗಲೇ ಅರ್ಧ ಪರೀಕ್ಷೆ ಮುಗಿಯುತ್ತದೆ

ಈ ಭಾಗ ಉದ್ದ ಆಗುತ್ತದೆ, ಬೇಸರ ಬೇಡ. ತಪ್ಪು ರಿಪೋರ್ಟುಗಳಲ್ಲಿ ಜಾಸ್ತಿ ಹುಟ್ಟುವುದು ಇಲ್ಲೇ.

ಪ್ಲೇನ್ ಟ್ಯೂಬ್ ತಗೊಳ್ಳಿ, ಕೆಂಪು ಮುಚ್ಚಳದ್ದು. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಬೇಡ. ಕಾಂಪ್ಲಿಮೆಂಟ್ ನಡೆಯಲು ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಬೇಕು. ಇಡಿಟಿಎ ಎರಡನ್ನೂ ಹಿಡಿದುಕೊಂಡು ಕೂರುತ್ತದೆ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬೂ ಬೇಡ, ಕಾರಣ ಅದೇ.

ಸೂಜಿ ಚುಚ್ಚಿ ಎಳೆಯುವಾಗ ಅವಸರ ಮಾಡಿ ಕಣ ಒಡೆದರೆ ಸೀರಂ ಮೊದಲೇ ಕೆಂಪಾಗಿರುತ್ತದೆ. ನಾವು ಕೊನೆಗೆ ಅಳೆಯುವುದು ಕೆಂಪು ಬಣ್ಣವನ್ನೇ ಅಲ್ವಾ? ಅಲ್ಲಿಗೆ ಲೆಕ್ಕ ಕೆಟ್ಟಿತು. ಹಾಗೆಯೇ ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿ. ಬೆಣ್ಣೆ ದೋಸೆ ತಿಂದು ನೇರ ಲ್ಯಾಬಿಗೆ ಬಂದವರ ಸೀರಂ ಕೆಲವೊಮ್ಮೆ ನೀರು ಬೆರೆಸಿದ ಹಾಲಿನ ಹಾಗೆ ಮಂಕಾಗಿರುತ್ತದೆ.

ರಕ್ತವನ್ನು ಕೋಣೆಯ ತಾಪದಲ್ಲೇ ಹೆಪ್ಪುಗಟ್ಟಲು ಬಿಡಿ. ಅರ್ಧ ಗಂಟೆ ಸಾಕು, ಒಂದು ಗಂಟೆ ದಾಟಬೇಡಿ. ಆಮೇಲೆ ತಣ್ಣಗಿನ ಸೆಂಟ್ರಿಫ್ಯೂಜ್. ಕೂಲಿಂಗ್ ಸೆಂಟ್ರಿಫ್ಯೂಜ್ ಇಲ್ಲದ ಕಾಲದಲ್ಲಿ ನಾವು ಬಕೆಟ್ಟುಗಳನ್ನು ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿ ಇಡುತ್ತಿದ್ದೆವು. ಈಗಲೂ ಸಣ್ಣ ಲ್ಯಾಬಿನವರಿಗೆ ಅದನ್ನೇ ಹೇಳುತ್ತೇನೆ. ಸೀರಂ ಬೇರೆ ಮಾಡಿದ ಕೂಡಲೇ ಐಸ್ ಮೇಲೆ. ಅವತ್ತೇ ಪರೀಕ್ಷೆ ಮಾಡುವುದಾದರೆ ಸರಿ, ಇಲ್ಲದಿದ್ದರೆ 200 ಮೈಕ್ರೋಲೀಟರ್‌ನಂತೆ ಪುಟ್ಟ ಟ್ಯೂಬುಗಳಿಗೆ ಹಂಚಿ ಮೈನಸ್ 70 ಡಿಗ್ರಿಗೆ ಹಾಕಿ. ಫ್ರಿಜ್‌ನ ಮೇಲಿನ ಫ್ರೀಜರ್ ನಂಬಬೇಡಿ. ಅಲ್ಲಿ ಸೀರಂ ಗಟ್ಟಿಯಾಗಿ ಕಾಣುತ್ತದೆ, ಒಳಗೆ ಶಕ್ತಿ ಸೋರಿ ಹೋಗುತ್ತಲೇ ಇರುತ್ತದೆ. ಒಮ್ಮೆ ಕರಗಿಸಿದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ. ಅದಕ್ಕೇ ಪುಟ್ಟ ಟ್ಯೂಬುಗಳಿಗೆ ಹಂಚುವುದು.

ಕುರಿಯ ಕಣ ತಯಾರಿ

ರೋಗಾಣು ಬೆಳೆಸಲು ಬ್ಲಡ್ ಅಗಾರ್ ಮಾಡುವ ಲ್ಯಾಬಿಗೆಲ್ಲ ಕುರಿಯ ರಕ್ತ ಬಂದೇ ಬರುತ್ತದೆ. ಪಶುವೈದ್ಯರು ಕತ್ತಿನ ರಕ್ತನಾಳದಿಂದ ತೆಗೆದು ಕೊಡುತ್ತಾರೆ. ಅದನ್ನು ಅಷ್ಟೇ ಪ್ರಮಾಣದ ಆಲ್ಸೀವರ್ ದ್ರಾವಣಕ್ಕೆ (ಕಣ ಕೆಡದಂತೆ ಕಾಪಾಡುವ ದ್ರಾವಣ) ತೆಗೆದುಕೊಂಡು 4 ಡಿಗ್ರಿಯಲ್ಲಿಡಿ. ಎರಡು ದಿನ ಬಿಟ್ಟು ಬಳಸಿದರೆ ಕಣ ಚೆನ್ನಾಗಿ ನಡೆದುಕೊಳ್ಳುತ್ತದೆ. ಎರಡು ವಾರ ದಾಟಿದ್ದನ್ನು ನಾನು ಚೆಲ್ಲುತ್ತೇನೆ.

ಬಫರ್, ಅಂದರೆ ಪಿಎಚ್ ಏರುಪೇರಾಗದಂತೆ ಹಿಡಿದಿಡುವ ದ್ರಾವಣ, ಅದರ ವಿಷಯದಲ್ಲಿ ಒಂದು ಮಾತು. ವೆರೋನಾಲ್ ಬಫರ್ ಹಳೆಯ ಪದ್ಧತಿ, ಪಿಎಚ್ 7.3ರಿಂದ 7.4. ಅದರಲ್ಲಿ 0.15 ಮಿಲಿಮೋಲಾರ್ ಕ್ಯಾಲ್ಸಿಯಂ, 0.5 ಮಿಲಿಮೋಲಾರ್ ಮೆಗ್ನೀಸಿಯಂ, ನೂರಕ್ಕೆ 0.1 ಜೆಲಟಿನ್ ಇರಬೇಕು. ಒಮ್ಮೆ ಒಬ್ಬ ವಿದ್ಯಾರ್ಥಿ ಬಫರ್ ಖಾಲಿಯಾಗಿದೆ ಅಂತ ಸುಮ್ನೆ ಪಕ್ಕದಲ್ಲಿದ್ದ ಪಿಬಿಎಸ್ (ಫಾಸ್ಫೇಟ್ ಬಫರ್ ಸಲೈನ್) ಹಾಕಿಬಿಟ್ಟ. ಒಂದು ಟ್ಯೂಬೂ ತಿಳಿಯಾಗಲಿಲ್ಲ. 'ಮೇಡಂ, ಈ ಸೀರಂ ಸತ್ತಿದೆ' ಅಂದ. ಸತ್ತಿರಲಿಲ್ಲ. ಪಿಬಿಎಸ್‌ನಲ್ಲಿ ಕ್ಯಾಲ್ಸಿಯಂ ಇರಲಿಲ್ಲ, ಸೀರಂನಲ್ಲಿದ್ದದ್ದು ನೂರು ಪಾಲು ತೆಳುವಾಗಿತ್ತು. ಹಸಿದವನಿಂದ ಮೂಟೆ ಹೊರಿಸಿದ ಹಾಗಾಯಿತು.

ಕಣಗಳನ್ನು ಬಫರ್‌ನಲ್ಲಿ ಮೂರು ಸಲ ತೊಳೆಯಿರಿ. ಮೂರನೇ ಸಲವೂ ಮೇಲಿನ ನೀರು ಗುಲಾಬಿಯಾಗಿದ್ದರೆ ಕಣ ಹಳೆಯದಾಗಿದೆ ಅಂತ ಅರ್ಥ, ಬಿಡಿ. ಕಣ ಎಣಿಸುವ ಚೇಂಬರಿನಲ್ಲಿ ಎಣಿಸಿ ಒಂದು ಎಂಎಲ್‌ಗೆ 100 ಕೋಟಿ ಕಣ ಬರುವ ಹಾಗೆ ಮಾಡಿಕೊಳ್ಳಿ. ಇದಕ್ಕೆ ಸಮ ಪ್ರಮಾಣದಲ್ಲಿ ತೆಳು ಮಾಡಿದ ಹೀಮೊಲೈಸಿನ್ ನಿಧಾನವಾಗಿ ಸೇರಿಸಿ. ಹೀಮೊಲೈಸಿನ್ ಅಂದರೆ ಬೇರೇನಲ್ಲ, ಕುರಿಯ ಕಣದ ವಿರುದ್ಧ ಮೊಲದಲ್ಲಿ ಬೆಳೆಸಿದ ಆಂಟಿಬಾಡಿ. ಮೊಲದ ಕಾಂಪ್ಲಿಮೆಂಟ್ ಉಳಿದಿರಬಾರದು, ಅದಕ್ಕೇ ಇದನ್ನೂ 56 ಡಿಗ್ರಿಯಲ್ಲಿ ಕಾಯಿಸಿರಬೇಕು. ಎಷ್ಟು ತೆಳು ಮಾಡಬೇಕು ಅನ್ನುವುದನ್ನು ಪ್ರತಿ ಬಾಟಲಿಗೂ ನೀವೇ ಪರೀಕ್ಷಿಸಿ ಕಂಡುಕೊಳ್ಳಬೇಕು. ಜಾಸ್ತಿಯಾದರೆ ಕಣಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ, ಕಡಿಮೆಯಾದರೆ ಒಡೆಯುವುದೇ ಇಲ್ಲ. 37 ಡಿಗ್ರಿಯಲ್ಲಿ ಕಾಲು ಗಂಟೆ. ಈಗ ಎಂಎಲ್‌ಗೆ 50 ಕೋಟಿ ಕಣ, ಪ್ರತಿಯೊಂದರ ಮೈಮೇಲೂ ಆಂಟಿಬಾಡಿ. ಲ್ಯಾಬಿನ ಭಾಷೆಯಲ್ಲಿ ಸೆನ್ಸಿಟೈಸ್ ಆದ ಕಣ.

ಐದು ಟ್ಯೂಬಿನ ಆಟ

ಸೀರಮ್ಮನ್ನು ಬಫರ್‌ನಲ್ಲಿ ಹತ್ತು ಪಾಲು ತೆಳು ಮಾಡಿ. ಪ್ರತಿ ಟ್ಯೂಬಿಗೂ ಅರ್ಧ ಎಂಎಲ್ ಕಣ, ಅರ್ಧ ಎಂಎಲ್ ಸೀರಂ. ಒಂದನೆಯದಕ್ಕೆ ಸೆನ್ಸಿಟೈಸ್ ಆದ ಕಣ ಮತ್ತು ತಾಜಾ ಸೀರಂ. ಎರಡನೆಯದಕ್ಕೆ ಅದೇ ಕಣ, ಕಾಯಿಸಿದ ಸೀರಂ. ಮೂರನೆಯದಕ್ಕೆ ಅದೇ ಕಣ, ತಾಜಾ ಸೀರಂ, ಜೊತೆಗೆ 10 ಮಿಲಿಮೋಲಾರ್ ಆಗುವಷ್ಟು ಇಡಿಟಿಎ. ನಾಲ್ಕನೆಯದಕ್ಕೆ ಹೀಮೊಲೈಸಿನ್ ಹಾಕದ ಬರೀ ಕಣ, ಅಷ್ಟೇ ಸಂಖ್ಯೆಯದು, ಮತ್ತು ತಾಜಾ ಸೀರಂ. ಐದನೆಯದಕ್ಕೆ ಸೆನ್ಸಿಟೈಸ್ ಆದ ಕಣ ಮತ್ತು ಬರೀ ಬಫರ್. 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಡಿ. ಕಣ ತಳಕ್ಕೆ ಕೂರುತ್ತದೆ, ಆಗಾಗ ಅಲ್ಲಾಡಿಸುತ್ತಿರಿ.

ಒಂದನೆಯದು ಮಾತ್ರ ತಿಳಿಯಾಗಬೇಕು. ಆ ಟ್ಯೂಬಿನೊಳಗೆ ಏನು ನಡೆಯಿತು ಅಂತ ಈಗ ಹೇಳಿದರೆ ತಲೆಗೆ ಹತ್ತುತ್ತದೆ. ಕಣದ ಮೇಲೆ ಕೂತ ಆಂಟಿಬಾಡಿಯ ಬಾಲಕ್ಕೆ ಸಿ1ಕ್ಯೂ ಎಂಬ ಕಾಂಪ್ಲಿಮೆಂಟ್ ಪ್ರೋಟೀನ್ ಬಂದು ಅಂಟಿತು. ಒಂದೇ ದಂಟಿನ ಕಟ್ಟಿಗೆ ಆರು ಮೊಗ್ಗು ಇದ್ದ ಹಾಗೆ ಇರುತ್ತದೆ ಅದು. ಜೊತೆಗೆ ಬಂದ ಸಿ1ಆರ್, ಸಿ1ಎಸ್ ಕತ್ತರಿಗಳು ಎದ್ದವು. ಅವು ಸಿ4 ಕತ್ತರಿಸಿದವು, ಸಿ2 ಕತ್ತರಿಸಿದವು. ಆ ತುಂಡುಗಳು ಸೇರಿ ಇನ್ನೊಂದು ಕತ್ತರಿಯಾಗಿ ಸಿ3 ಕತ್ತರಿಸಲು ಶುರು ಮಾಡಿದವು. ಸಿ1, ಸಿ4, ಸಿ2, ಸಿ3. ಈ ಅಂಕಿ ಹಿಂದೆಮುಂದೆ ಆಗಿರುವುದಕ್ಕೆ ನನ್ನನ್ನು ಬೈಯಬೇಡಿ, ಕೆಲಸದ ಸರದಿ ಗೊತ್ತಾಗುವ ಮುಂಚೆಯೇ ನಂಬರ್ ಕೊಟ್ಟುಬಿಟ್ಟಿದ್ದರು.

ಸಿ3 ಹತ್ತಿರ ಸ್ವಲ್ಪ ನಿಲ್ಲಬೇಕು. ಕಾಂಪ್ಲಿಮೆಂಟ್ ಕುಟುಂಬದಲ್ಲಿ 30ಕ್ಕಿಂತ ಹೆಚ್ಚು ಪ್ರೋಟೀನುಗಳಿವೆ. ಸೀರಂನಲ್ಲಿ ಅತಿ ಹೆಚ್ಚು ಇರುವುದು ಸಿ3, ಲೀಟರಿಗೆ ಸುಮಾರು ಒಂದು ಗ್ರಾಂ. ಒಂದೊಂದು ಕತ್ತರಿಯೂ ನೂರಾರು ಸಿ3 ಕತ್ತರಿಸುತ್ತದೆ. ಹೆಪ್ಪು ಹಾಲನ್ನೆಲ್ಲ ಹಿಡಿಯುವುದು ಹೀಗೇ. ದೊಡ್ಡ ತುಂಡು ಸಿ3ಬಿ. ಅದರ ಒಳಗೆ ಮಡಚಿಟ್ಟಿದ್ದ ಒಂದು ಬಂಧ ಕತ್ತರಿಸಿದ ಕ್ಷಣ ಬಿಚ್ಚಿಕೊಂಡು, ಪಕ್ಕದಲ್ಲಿ ಏನು ಸಿಕ್ಕರೂ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ರೋಗಾಣುವಿನ ಮೈತುಂಬ ಸಿ3ಬಿ ಅಂಟಿದರೆ ಬಿಳಿ ರಕ್ತಕಣಗಳು ಅದನ್ನು ಹಿಡಿದು ನುಂಗುವುದು ಸುಲಭ. ಸಣ್ಣ ತುಂಡು ಸಿ3ಎ ಸುಮ್ಮನೆ ಹೋಗುವುದಿಲ್ಲ. ಅದೂ ಅದರ ತಮ್ಮ ಸಿ5ಎ ಕೂಡ ಊರಿಗೆಲ್ಲ ಸುದ್ದಿ ಮುಟ್ಟಿಸುತ್ತವೆ. ರಕ್ತನಾಳ ಸಡಿಲವಾಗುತ್ತದೆ, ಬಿಳಿ ಕಣಗಳು ಓಡಿ ಬರುತ್ತವೆ, ಜಾಗ ಊದಿಕೊಳ್ಳುತ್ತದೆ.

ನಮ್ಮ ಟ್ಯೂಬಿನಲ್ಲಿ ಬಿಳಿ ಕಣಗಳಿಲ್ಲ. ಅಲ್ಲಿ ಕಾಣುವುದು ಕೊನೆಯ ಹೊಡೆತ ಮಾತ್ರ. ಸಿ5 ಕತ್ತರಿಸಿದ ಮೇಲೆ ಸಿ6, ಸಿ7, ಸಿ8 ಸೇರಿಕೊಂಡು, ಕೊನೆಗೆ ಸಿ9ಗಳು ಸಾಲಾಗಿ ನಿಂತು ಕಣದ ಪೊರೆಯಲ್ಲಿ ಉಂಗುರದಂಥ ತೂತು ಕೊರೆಯುತ್ತವೆ. ಒಂದು ತೂತಿಗೆ 18 ಸಿ9 ತನಕ ಸೇರುತ್ತವೆ. ಒಳಗಿನ ಅಗಲ ಸುಮಾರು 10 ನ್ಯಾನೋಮೀಟರ್. ನೀರು ನುಗ್ಗಿ ಕಣ ಉಬ್ಬಿ ಒಡೆದು ಹಿಮೋಗ್ಲೋಬಿನ್ ಹೊರಗೆ ಬರುತ್ತದೆ. ಆ ದಾಳಿಂಬೆ ಬಣ್ಣ ಅದೇ.

ಎರಡನೇ ಟ್ಯೂಬನ್ನು ಚೆಲ್ಲಬೇಡಿ. ಅದಕ್ಕೆ ಒಂದೆರಡು ಹನಿ ಗಿನಿಪಿಗ್‌ನ ತಾಜಾ ಸೀರಂ ಹಾಕಿ ಮತ್ತೆ 37 ಡಿಗ್ರಿಗೆ ಇಡಿ. ಗಿನಿಪಿಗ್ ಸೀರಂ ಪುಡಿ ರೂಪದಲ್ಲಿ ಸಿಗುತ್ತದೆ, ಕುರಿ ಕಣ ಒಡೆಯುವುದರಲ್ಲಿ ಅದು ಎತ್ತಿದ ಕೈ. ಮಂಕಾಗಿದ್ದ ಟ್ಯೂಬು ನಿಮ್ಮ ಕಣ್ಣೆದುರೇ ತಿಳಿಯಾಗುತ್ತದೆ. ಬೋರ್ಡೆ 1895ರಲ್ಲಿ ಕಂಡದ್ದು ಇದನ್ನೇ. ನನಗೆ ಇವತ್ತಿಗೂ ಇದನ್ನು ನೋಡುವುದು ಖುಷಿ.

ನಾಲ್ಕನೇ ಟ್ಯೂಬು ಕೆಲವೊಮ್ಮೆ ಮೋಸ ಮಾಡುತ್ತದೆ. ಹೀಮೊಲೈಸಿನ್ ಹಾಕದಿದ್ದರೂ ಸ್ವಲ್ಪ ಕೆಂಪಾಗಿ ಕೂರುತ್ತದೆ. ಅದು ನಿಮ್ಮ ತಪ್ಪಲ್ಲ. ಕುರಿ ಕಣಕ್ಕೆ ಅಂಟುವ ಆಂಟಿಬಾಡಿ ಸ್ವಲ್ಪ ಮಟ್ಟಿಗೆ ನಮ್ಮೆಲ್ಲರ ರಕ್ತದಲ್ಲೂ ಸಹಜವಾಗಿ ಇರುತ್ತದೆ. ಉಪಾಯ ಏನೆಂದರೆ, ಸೀರಮ್ಮನ್ನು ಐಸ್ ಮೇಲಿಟ್ಟು ತೊಳೆದ ಕುರಿ ಕಣ ಬೆರೆಸಿ, ಹತ್ತು ನಿಮಿಷ ಬಿಟ್ಟು ಸೆಂಟ್ರಿಫ್ಯೂಜ್ ಮಾಡಿ ಕಣ ತೆಗೆದುಬಿಡುವುದು. ಆ ಚಳಿಯಲ್ಲಿ ಆಂಟಿಬಾಡಿ ಕಣಕ್ಕೆ ಅಂಟುತ್ತದೆ, ಕಾಂಪ್ಲಿಮೆಂಟ್ ನಿದ್ದೆಯಲ್ಲಿರುತ್ತದೆ.

ಆಂಟಿಬಾಡಿ ಇಲ್ಲದಿದ್ದರೆ?

ಜಾಣ ವಿದ್ಯಾರ್ಥಿ ಇಲ್ಲಿ ಒಂದು ಪ್ರಶ್ನೆ ಕೇಳಬೇಕು. ಆಂಟಿಬಾಡಿ ಬೇಕೇ ಬೇಕು ಅಂದರೆ ಇದು ಹುಟ್ಟಿನಿಂದ ಬಂದ ರಕ್ಷಣೆ ಹೇಗಾಯಿತು? ಕೇಳಿದವರಿಗೆ ನಾನು ಮೊಲದ ಕೆಂಪು ಕಣ ಕೊಡುತ್ತೇನೆ. ಯಾವ ಹೀಮೊಲೈಸಿನ್ನೂ ಬೇಡ. ಬಫರ್‌ಗೆ ಇಜಿಟಿಎ ಮತ್ತು ಮೆಗ್ನೀಸಿಯಂ ಹಾಕಿ. ಇಜಿಟಿಎ ಕ್ಯಾಲ್ಸಿಯಂ ಮಾತ್ರ ಹಿಡಿಯುತ್ತದೆ, ಮೆಗ್ನೀಸಿಯಂ ಬಿಡುತ್ತದೆ. ಕ್ಯಾಲ್ಸಿಯಂ ಇಲ್ಲದೆ ಸಿ1 ಬಿಚ್ಚಿಹೋಗುತ್ತದೆ, ಅಂದರೆ ಆಂಟಿಬಾಡಿಯ ದಾರಿ ಪೂರ್ತಿ ಬಂದ್. ಆದರೂ ತಾಜಾ ಮನುಷ್ಯ ಸೀರಂ ಹಾಕಿದರೆ ಮೊಲದ ಕಣ ಒಡೆಯುತ್ತದೆ. ಸೀರಮ್ಮನ್ನು ಮಾತ್ರ ಜಾಸ್ತಿ ತೆಳು ಮಾಡಬೇಡಿ, ಐದು ಪಾಲು ಸಾಕು. ಈ ದಾರಿ ತೆಳುವಾದರೆ ಬೇಗ ಸೊರಗುತ್ತದೆ.

ನಡೆದದ್ದು ಇಷ್ಟು. ಸಿ3 ಯಾವಾಗಲೂ ಸ್ವಲ್ಪ ಸ್ವಲ್ಪ ತಾನಾಗಿಯೇ ಬಿಚ್ಚಿಕೊಳ್ಳುತ್ತಿರುತ್ತದೆ. ಯಾರೂ ಕರೆಯಬೇಕಿಲ್ಲ. ಹಾಗೆ ಹುಟ್ಟಿದ ಸಿ3ಬಿ ಹತ್ತಿರದ ಮೈಗೆ ಅಂಟುತ್ತದೆ. ನಮ್ಮದೇ ಜೀವಕೋಶವಾದರೆ ಅದರ ಮೇಲಿನ ಸಯಾಲಿಕ್ ಆಮ್ಲ ಗುರುತಿಸಿ ಫ್ಯಾಕ್ಟರ್ ಎಚ್ ಬಂದು ತಡೆಯುತ್ತದೆ, ಫ್ಯಾಕ್ಟರ್ ಐ ಕತ್ತರಿಸಿ ಹಾಕುತ್ತದೆ. ಗುರುತು ಇಲ್ಲದ ಮೈಯಾದರೆ ಫ್ಯಾಕ್ಟರ್ ಬಿ ಸೇರಿಕೊಂಡು ಹೊಸ ಕತ್ತರಿಯಾಗುತ್ತದೆ, ಅಲ್ಲಿಂದ ಮುಂದೆ ಬೆಂಕಿ ಹತ್ತಿದ ಹಾಗೆ. ಕುರಿಯ ಕಣದ ಮೇಲೆ ಸಯಾಲಿಕ್ ಆಮ್ಲ ಧಾರಾಳ, ಅದಕ್ಕೇ ಆಂಟಿಬಾಡಿ ಇಲ್ಲದೆ ಒಡೆಯುವುದಿಲ್ಲ. ಮೊಲದ ಕಣದ ಮೇಲೆ ಕಡಿಮೆ. ಆಂಟಿಬಾಡಿ ಬೇಡದ ಈ ದಾರಿಯನ್ನು ಮೊದಲು ಹೇಳಿದ ಅಮೆರಿಕದ ಲೂಯಿಸ್ ಪಿಲ್ಲೆಮರ್ 1954ರಲ್ಲಿ ಪ್ರಾಪರ್ಡಿನ್ ಎಂಬ ಪ್ರೋಟೀನ್ ಬಗ್ಗೆ ಬರೆದಾಗ ಬಹಳ ಜನ ಒಪ್ಪಲಿಲ್ಲ. ಅವರು 1957ರಲ್ಲಿ ತೀರಿಕೊಂಡರು. ಅವರು ಹೇಳಿದ್ದು ಸರಿ ಅಂತ ಆಮೇಲೆ ಗೊತ್ತಾಯಿತು. ಮೂರನೆಯ ದಾರಿಯೂ ಇದೆ, ರೋಗಾಣುವಿನ ಮೇಲಿನ ಮ್ಯಾನೋಸ್ ಸಕ್ಕರೆ ಹಿಡಿದು ಶುರುವಾಗುವ ಲೆಕ್ಟಿನ್ ದಾರಿ. ಅದನ್ನು ಕಣ್ಣಿಗೆ ತೋರಿಸುವ ಸುಲಭ ಪ್ರಯೋಗ ನನ್ನ ಬಳಿ ಇಲ್ಲ, ಹಾಗಾಗಿ ಮುಂದೆ ಹೋಗೋಣ.

ಒಂದು ಅಡ್ಡ ಮಾತು. ನಾಗರಹಾವಿನ ವಿಷದಲ್ಲಿ ಸಿ3ಬಿಯನ್ನೇ ಹೋಲುವ ಒಂದು ಪ್ರೋಟೀನ್ ಇದೆ. ಅದೂ ಫ್ಯಾಕ್ಟರ್ ಬಿ ಜೊತೆ ಸೇರಿ ಕತ್ತರಿಯಾಗುತ್ತದೆ. ಆದರೆ ಫ್ಯಾಕ್ಟರ್ ಎಚ್‌ಗೆ, ಐಗೆ ಅದು ಸೊಪ್ಪು ಹಾಕುವುದಿಲ್ಲ. ನಿಲ್ಲಿಸುವವರು ಇಲ್ಲದೆ ಕತ್ತರಿಸಿ ಕತ್ತರಿಸಿ ಸೀರಂನ ಸಿ3ಯನ್ನೆಲ್ಲ ಖಾಲಿ ಮಾಡಿಬಿಡುತ್ತದೆ. ಪ್ರಯೋಗದ ಪ್ರಾಣಿಗಳಲ್ಲಿ ಕಾಂಪ್ಲಿಮೆಂಟ್ ತೆಗೆಯಬೇಕಾದಾಗ ಸಂಶೋಧಕರು ಇದನ್ನೇ ಬಳಸುತ್ತಾರೆ.

ಬ್ಯಾಕ್ಟೀರಿಯಾ ಮೇಲೆಯೂ ತೋರಿಸಬಹುದು. ಲ್ಯಾಬಿನ ಸಾಧು ತಳಿ ಇ. ಕೋಲೈ ಕೆ-12 ತಗೊಂಡು, ಎರಡು ಮೂರು ಗಂಟೆ ಬೆಳೆದದ್ದನ್ನು ತೆಳು ಮಾಡಿ, ತಾಜಾ ಸೀರಂ ಮತ್ತು ಕಾಯಿಸಿದ ಸೀರಂ ಜೊತೆ ಬೇರೆ ಬೇರೆಯಾಗಿ 37 ಡಿಗ್ರಿಗೆ ಇಡಿ. ಶುರುವಿನಲ್ಲಿ, ಅರ್ಧ ಗಂಟೆಗೆ, ಒಂದು ಗಂಟೆಗೆ ಹತ್ತು ಮೈಕ್ರೋಲೀಟರ್ ತೆಗೆದು ಪ್ಲೇಟಿನ ಮೇಲೆ ಹರಡಿ. ಮಾರನೇ ದಿನ ಕಾಯಿಸಿದ ಸೀರಂನ ಪ್ಲೇಟಿನಲ್ಲಿ ಜಾತ್ರೆ, ತಾಜಾ ಸೀರಂನದ್ದರಲ್ಲಿ ಸಂತೆ ಮುಗಿದ ಬಯಲು. ಸ್ಟೆಫಿಲೋಕಾಕಸ್ ಹಾಕಿದರೆ ಎರಡೂ ಪ್ಲೇಟು ಒಂದೇ ಥರ. ಅದರ ಗೋಡೆ ದಪ್ಪ, ತೂತು ಕೊರೆಯಲು ಆಗುವುದಿಲ್ಲ. ಅಲ್ಲಿ ಕಾಂಪ್ಲಿಮೆಂಟ್ ಮಾಡುವುದು ಸಿ3ಬಿ ಅಂಟಿಸುವ ಕೆಲಸ, ಕೊಲ್ಲುವುದು ಬಿಳಿ ರಕ್ತಕಣ. ರೋಗಿಯ ರಕ್ತದಿಂದ ರೋಗಾಣು ಬೆಳೆಸುವ ಬ್ಲಡ್ ಕಲ್ಚರ್ ಬಾಟಲಿಯಲ್ಲಿ ಎಸ್‌ಪಿಎಸ್ ಎಂಬ ರಾಸಾಯನಿಕ ಯಾಕೆ ಇರುತ್ತದೆ ಅಂತ ಈಗ ಅರ್ಥವಾಗಿರಬೇಕು. ರಕ್ತ ಹೆಪ್ಪುಗಟ್ಟದಿರಲಿ ಅಂತಷ್ಟೇ ಅಲ್ಲ. ರೋಗಿಯ ಕಾಂಪ್ಲಿಮೆಂಟ್ ಬಾಟಲಿಯೊಳಗೂ ರೋಗಾಣು ಕೊಲ್ಲುತ್ತಾ ಕೂತರೆ ನಮಗೆ ಬೆಳೆಯುವುದಾದರೂ ಏನು?

ಸಿಎಚ್50 ಲೆಕ್ಕ

ಒಡೆಯುತ್ತದೆ, ಒಡೆಯುವುದಿಲ್ಲ ಅಂದರೆ ಡಾಕ್ಟರಿಗೆ ಸಾಲದು. ಎಷ್ಟು ಅಂತ ಬೇಕು. ಸೀರಮ್ಮನ್ನು ಎಷ್ಟು ಪಾಲು ತೆಳು ಮಾಡಿದಾಗ ಸರಿಯಾಗಿ ಅರ್ಧ ಕಣ ಒಡೆಯುತ್ತದೋ ಆ ಅಂಕಿಯೇ ಸಿಎಚ್50. ಸೀರಮ್ಮನ್ನು 20, 40, 80, 160, 320 ಪಾಲು ತೆಳು ಮಾಡಿ. ಅರ್ಧ ಎಂಎಲ್‌ಗೆ ಅರ್ಧ ಎಂಎಲ್ ಸೆನ್ಸಿಟೈಸ್ ಆದ ಕಣ. ಜೊತೆಗೆ ಬರೀ ಬಫರ್‌ನ ಒಂದು ಟ್ಯೂಬು, ಪೂರ್ತಿ ಒಡೆಯಲು ಬಟ್ಟಿ ಇಳಿಸಿದ ನೀರಿನ ಒಂದು ಟ್ಯೂಬು. 37 ಡಿಗ್ರಿಯಲ್ಲಿ ಒಂದು ಗಂಟೆ, ಹತ್ತು ನಿಮಿಷಕ್ಕೊಮ್ಮೆ ಅಲ್ಲಾಡಿಸಿ. ಕೊನೆಗೆ ಎರಡು ಎಂಎಲ್ ಐಸ್ ತಣ್ಣಗಿನ ಸಲೈನ್ ಹಾಕಿ ನಿಲ್ಲಿಸಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವವನ್ನು ಬಣ್ಣ ಅಳೆಯುವ ಯಂತ್ರದಲ್ಲಿ 541 ನ್ಯಾನೋಮೀಟರಿಗೆ ಇಟ್ಟು ಓದಿ. ನೀರಿನ ಟ್ಯೂಬಿಗೆ ಮಾತ್ರ ಸಲೈನ್ ಬದಲು ನೀರೇ ಹಾಕಿ.

ಲೆಕ್ಕ ಹೀಗೆ. ಬಫರ್ ಟ್ಯೂಬು 0.04, ನೀರಿನ ಟ್ಯೂಬು 0.80, ರೋಗಿಯ 80 ಪಾಲಿನ ಟ್ಯೂಬು 0.42 ಬಂತು ಅಂದುಕೊಳ್ಳಿ. 0.42ರಿಂದ 0.04 ಕಳೆದರೆ 0.38. 0.80ರಿಂದ 0.04 ಕಳೆದರೆ 0.76. ಅಂದರೆ ಸರಿಯಾಗಿ ಅರ್ಧ ಕಣ ಒಡೆದಿದೆ. ಈ ಸೀರಂನ ಸಿಎಚ್50, ನಮ್ಮ ಪದ್ಧತಿಯಲ್ಲಿ, 80.

ನೂರಕ್ಕೆ ನೂರು ಒಡೆಯುವ ಹಂತ ಯಾಕೆ ನೋಡುವುದಿಲ್ಲ? ಗ್ರಾಫ್ ಬರೆದು ನೋಡಿ. ಅದು ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬರುತ್ತದೆ. ಮೇಲೆ ಚಪ್ಪಟೆ, ಕೆಳಗೆ ಚಪ್ಪಟೆ, ನಡುವೆ ಕಡಿದಾದ ಏರು. ಮೇಲಿನ ಚಪ್ಪಟೆಯಲ್ಲಿ ಸೀರಂ ಎರಡು ಪಟ್ಟು ಹಾಕಿದರೂ ಬಣ್ಣ ಅಷ್ಟೇ. ಅರ್ಧದ ಹತ್ತಿರ ಸ್ವಲ್ಪ ವ್ಯತ್ಯಾಸವಾದರೂ ಗೊತ್ತಾಗುತ್ತದೆ. ಹತ್ತೋ ಹದಿನೈದೋ ಆರೋಗ್ಯವಂತರ ಸೀರಂ ಒಟ್ಟು ಮಾಡಿ ಮೈನಸ್ 70ರಲ್ಲಿ ಇಟ್ಟುಕೊಂಡು, ಪ್ರತಿ ಸಲ ಅದರ ಒಂದು ಟ್ಯೂಬನ್ನೂ ಜೊತೆಗೆ ಓಡಿಸಿ. ಬೇರೆ ಲ್ಯಾಬಿನ ನಾರ್ಮಲ್ ಅಂಕಿಯನ್ನು ನಿಮ್ಮ ಫಾರ್ಮಿನಲ್ಲಿ ಅಚ್ಚು ಹಾಕಬೇಡಿ. ಕಣ ಬೇರೆ, ಹೀಮೊಲೈಸಿನ್ ಬೇರೆ, ಅಂಕಿಯೂ ಬೇರೆ.

ರಿಪೋರ್ಟ್ ಓದುವಾಗ

ಮೆಷಿನ್ನಿನಲ್ಲಿ ಬರುವ ಸಿ3, ಸಿ4 ಅಂಕಿ ಹಾಜರಿ ಪುಸ್ತಕ ಇದ್ದ ಹಾಗೆ. ಯಾರು ಬಂದಿದ್ದಾರೆ ಅಂತ ಹೇಳುತ್ತದೆ, ಕೆಲಸ ಮಾಡುತ್ತಿದ್ದಾರಾ ಅಂತ ಹೇಳುವುದಿಲ್ಲ. ಕೆಲಸ ನೋಡುವುದು ಸಿಎಚ್50. ಮೂರನ್ನೂ ಒಟ್ಟಿಗೆ ಇಟ್ಟು ಓದಬೇಕು.

ಗಂಟಲು ನೋವೋ ಚರ್ಮದ ಹುಣ್ಣೋ ಆಗಿ ಕೆಲವು ವಾರದ ಮೇಲೆ ಮುಖ ಊದಿಸಿಕೊಂಡು, ಕಪ್ಪು ಟೀ ಬಣ್ಣದ ಮೂತ್ರ ಅಂತ ಬರುವ ಮಕ್ಕಳಲ್ಲಿ ಸಿ3 ಇಳಿದಿರುತ್ತದೆ, ಸಿ4 ಸಾಮಾನ್ಯವಾಗಿ ಸರಿ ಇರುತ್ತದೆ. ಆರರಿಂದ ಎಂಟು ವಾರದಲ್ಲಿ ಸಿ3 ಮತ್ತೆ ಮೇಲೆ ಬರಬೇಕು. ಬರದಿದ್ದರೆ ಡಾಕ್ಟರು ಬೇರೆ ಮೂತ್ರಪಿಂಡದ ಕಾಯಿಲೆ ಹುಡುಕುತ್ತಾರೆ. ದೇಹ ತನ್ನ ಮೇಲೆಯೇ ತಿರುಗಿಬೀಳುವ ಲೂಪಸ್ ಕಾಯಿಲೆ ಉಲ್ಬಣಿಸಿದಾಗ ಎರಡೂ ಇಳಿಯುತ್ತವೆ. ಸಿ3 ಚೆನ್ನಾಗಿದ್ದು ಸಿ4 ಮಾತ್ರ ನೆಲ ಕಚ್ಚಿದ್ದರೆ, ರೋಗಿಗೆ ಆಗಾಗ ತುಟಿ, ಮುಖ ತುರಿಕೆಯಿಲ್ಲದೆ ಊದಿಕೊಳ್ಳುತ್ತಿದ್ದರೆ, ಸಿ1 ತಡೆಯುವ ಪ್ರೋಟೀನಿನ ಕೊರತೆ ನೆನಪಿಗೆ ಬರಬೇಕು. ಆ ಊತ ಗಂಟಲಿಗೆ ಇಳಿದರೆ ಜೀವಕ್ಕೇ ಅಪಾಯ.

ಸಿ3, ಸಿ4 ಎರಡೂ ಸರಿ, ಸಿಎಚ್50 ಸೊನ್ನೆ. ಈ ರಿಪೋರ್ಟೇ ನನ್ನನ್ನು ಒಮ್ಮೆ ಕೆಡವಿದ್ದು. ಸಿ5ರಿಂದ ಸಿ8ರ ತನಕ ಯಾವುದಾದರೂ ಹುಟ್ಟಿನಿಂದಲೇ ಇಲ್ಲದಿದ್ದರೆ ಹೀಗೆ ಬರುತ್ತದೆ. ಅಂಥವರಿಗೆ ಮೆನಿಂಗೊಕಾಕಸ್‌ನಿಂದ ಮಿದುಳು ಜ್ವರ ಮತ್ತೆ ಮತ್ತೆ ಬರಬಹುದು. ತೂತು ಕೊರೆದೇ ಕೊಲ್ಲಬೇಕಾದ ರೋಗಾಣು ಅದು.

ಒಂದು ಮೇ ತಿಂಗಳು ದೂರದ ತಾಲ್ಲೂಕಿನಿಂದ ಆರೇಳು ವರ್ಷದ ಹುಡುಗನ ಸ್ಯಾಂಪಲ್ ಬಂತು. ಬಸ್ಸಿನಲ್ಲಿ ಕಳಿಸಿದ್ದರು, ಡ್ರೈವರ್ ಪಕ್ಕದ ಬಾನೆಟ್ ಮೇಲೆ ಇಟ್ಟುಕೊಂಡು ಬಂದಿದ್ದರು. ಥರ್ಮೋಕೋಲ್ ಡಬ್ಬಿ ತೆರೆದರೆ ಐಸ್ ಇರಲಿಲ್ಲ, ಬೆಚ್ಚಗಿನ ನೀರಿತ್ತು. ನಾನು ಅದನ್ನು ಕಣ್ಣಾರೆ ನೋಡಿದೆ. ಕೆಲಸ ಜಾಸ್ತಿ ಇತ್ತು, ಟ್ಯೂಬ್ ಒರೆಸಿ ಪರೀಕ್ಷೆಗೆ ಹಾಕಿದೆ. ಸಿ3 ಸರಿ, ಸಿ4 ಸರಿ, ಸಿಎಚ್50 ಸೊನ್ನೆ. ಹಾಗೇ ಬರೆದು ಕಳಿಸಿದೆ. ಹತ್ತು ದಿನದ ಮೇಲೆ ಅವನ ಅಮ್ಮ ಹುಡುಗನನ್ನು ಕರೆದುಕೊಂಡು ನಮ್ಮ ಬಾಗಿಲಿಗೇ ಬಂದರು. 'ಅಕ್ಕಾ, ಇವನ ರಕ್ತದಲ್ಲಿ ಏನೋ ಹುಟ್ಟಿನಿಂದ ಇಲ್ಲವಂತೆ, ಜ್ವರ ಬಂದರೆ ಉಳಿಯುವುದಿಲ್ಲವಾ?' ಅಂತ ಕೇಳಿದರು. ಅಲ್ಲೇ ಕೂರಿಸಿ ರಕ್ತ ತೆಗೆದೆ, ಐಸ್ ಮೇಲೆ ನಾನೇ ಒಯ್ದೆ, ಮಧ್ಯಾಹ್ನಕ್ಕೆ ಮುಗಿಸಿದೆ. ಪೂರ್ತಿ ನಾರ್ಮಲ್. ಬಾನೆಟ್ ಮೇಲೆ ಸತ್ತದ್ದು ಆ ಟ್ಯೂಬಿನ ಕಾಂಪ್ಲಿಮೆಂಟ್. ಆ ಅಮ್ಮ ಹತ್ತು ದಿನ ನಿದ್ದೆಗೆಟ್ಟದ್ದು ನನ್ನಿಂದ.

ಅವತ್ತಿನಿಂದ ನಮ್ಮಲ್ಲಿ ಸಿಎಚ್50 ಸೊನ್ನೆ ಬಂದರೆ ರಿಪೋರ್ಟ್ ಹೊರಗೆ ಹೋಗುವುದಿಲ್ಲ. ಮೊದಲು ಜೊತೆಗೆ ಓಡಿಸಿದ ನಾರ್ಮಲ್ ಸೀರಂ ನೋಡುತ್ತೇವೆ. ಅದೂ ಬಿದ್ದಿದ್ದರೆ ತಪ್ಪು ಬಫರ್‌ದೋ ಕಣದ್ದೋ. ಅದು ಸರಿಯಿದ್ದರೆ ಸ್ಯಾಂಪಲ್ ಕಳಿಸಿದವರಿಗೆ ಫೋನ್ ಮಾಡಿ ಎಷ್ಟು ಹೊತ್ತಿಗೆ ತೆಗೆದಿರಿ, ಯಾವ ಟ್ಯೂಬು, ಹೇಗೆ ಬಂತು ಅಂತ ಕೇಳುತ್ತೇವೆ. ಆಮೇಲೆ ರೋಗಿಯನ್ನೇ ಕರೆಸಿ ಎದುರಿಗೆ ರಕ್ತ ತೆಗೆಯುತ್ತೇವೆ. ಎರಡನೇ ಸಲವೂ ಸೊನ್ನೆ ಬಂದರೆ ಮೊಲದ ಕಣದ ಪರೀಕ್ಷೆ. ಅದು ಸರಿ ಬಂದು ಕುರಿಯದ್ದು ಮಾತ್ರ ಸೊನ್ನೆಯಾದರೆ ಕೊರತೆ ಸಿ1, ಸಿ4, ಸಿ2 ಕಡೆ. ಎರಡೂ ಸೊನ್ನೆಯಾದರೆ ಸಿ3ರಿಂದ ಸಿ8ರ ಕಡೆ. ಸಿ9 ಒಂದೇ ಇಲ್ಲದವರಲ್ಲಿ ಪೂರ್ತಿ ಸೊನ್ನೆ ಆಗುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೆ. ಇಷ್ಟೆಲ್ಲ ಆದ ಮೇಲೆ ಡಾಕ್ಟರಿಗೆ ಫೋನ್, ಆಮೇಲೆ ಸಹಿ.

ಕೆಲಸ ಮುಗಿದ ಟ್ಯೂಬುಗಳನ್ನು ಸಿಂಕಿಗೆ ಸುರಿಯಬೇಡಿ. ಒಂದು ಪರ್ಸೆಂಟ್ ಹೈಪೋದಲ್ಲಿ (ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ) ಅರ್ಧ ಗಂಟೆ ಮುಳುಗಿಸಿಡಿ. ಐಸ್ ಡಬ್ಬಿ ಒರೆಸಿ ಬಿಸಿಲಿಗೆ ಬೋರಲು ಹಾಕಿ, ನಾಳೆ ಬೆಳಿಗ್ಗೆ ಮತ್ತೆ ಬೇಕು.